ಕೋಸ್ಟಾ ಬ್ಲಾಂಕಾದ ವಾರದ ಸಂತೆಗಳಲ್ಲಿ ಖರೀದಿ: ಮೊದಲ ಬಾರಿ ಹೋಗುವವರಿಗೆ ಮಾರ್ಗದರ್ಶಿ

ಸ್ಪೇನಿನ ಪೂರ್ವ ಕರಾವಳಿಗೆ ಪ್ರವಾಸ ಹೊರಟವರೂ, ಅಲ್ಲಿ ಕೆಲಸದಲ್ಲಿರುವ ಮಕ್ಕಳ ಮನೆಗೆ ಕೆಲವು ವಾರಗಳ ಮಟ್ಟಿಗೆ ಹೋಗುವ ತಂದೆತಾಯಿಯರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಯಾವ ಊರಲ್ಲಿ ಯಾವ ದಿನ ಸಂತೆ ನಡೆಯುತ್ತದೆ, ಚೌಕಾಸಿ ಮಾಡಬಹುದೇ, ಭಾಷೆ ಬಾರದೆ ವ್ಯವಹಾರ ಸಾಗುತ್ತದೆಯೇ, ಸಸ್ಯಾಹಾರಿಗಳು ಅಲ್ಲಿ ಏನನ್ನು ನಂಬಿ ತಿನ್ನಬಹುದು? ಅಲಿಕಾಂತೆ ಪ್ರಾಂತ್ಯದ ಕಡಲಂಚು, ಅಂದರೆ ಕೋಸ್ಟಾ ಬ್ಲಾಂಕಾ ಎಂದು ಹೆಸರಾದ ಭಾಗವನ್ನು ಮಾತ್ರ ಗಮನದಲ್ಲಿಟ್ಟುಕೊಂಡು ಈ ಪ್ರಶ್ನೆಗಳಿಗೆ ಕ್ರಮವಾಗಿ ಉತ್ತರಿಸಲು ಇಲ್ಲಿ ಯತ್ನಿಸಿದ್ದೇನೆ. ಉತ್ತರದಲ್ಲಿ ದೇನಿಯಾದಿಂದ ದಕ್ಷಿಣದಲ್ಲಿ ತೊರ್ರೆವಿಯೇಹಾದ ಆಚೆಯವರೆಗೂ ಈ ಕರಾವಳಿಯಲ್ಲಿ ವಾರದ ಯಾವ ದಿನ ಹೊರಟರೂ ಎಲ್ಲೋ ಒಂದು ಕಡೆ ಸಂತೆ ಸಿಗುತ್ತದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಈ ಸಂತೆಗಳು ಪ್ರವಾಸಿಗರ ಮನರಂಜನೆಗಾಗಿ ಹುಟ್ಟಿದವಲ್ಲ. ಊರಿನವರು ವಾರದ ತರಕಾರಿ, ಮನೆಬಟ್ಟೆ, ಚಪ್ಪಲಿ ಕೊಳ್ಳಲು ಬರುವ ಜಾಗಗಳು. ಸರದಿಗೆ, ಸರಕು ಮುಟ್ಟುವುದಕ್ಕೆ, ಬೆಲೆ ಮಾತಾಡುವುದಕ್ಕೆ ಅವರದೇ ಕಟ್ಟುಪಾಡುಗಳಿವೆ. ಅವನ್ನು ಅರಿತು ನಡೆದುಕೊಂಡವರಿಗೆ ಒಳ್ಳೆಯ ಹಣ್ಣು ಸಿಗುತ್ತದೆ, ಅರಿಯದವರಿಗೆ ಬುಟ್ಟಿಯ ತಳದ್ದು.

ಹಂತ 1: ಯಾವ ಬಗೆಯ ಸಂತೆ ಎಂಬುದನ್ನು ಗುರುತಿಸಿಕೊಳ್ಳಿ

ನಾವು ಒಂದೇ ಹೆಸರಿನಿಂದ ಕರೆಯಬಹುದಾದ ಸಂತೆಗಳಲ್ಲಿ ಅಲ್ಲಿ ಮೂರು ಬಗೆಗಳಿವೆ. ಬೀದಿಯಲ್ಲೋ ಮೈದಾನದಲ್ಲೋ ವಾರಕ್ಕೊಮ್ಮೆ ಬೆಳಿಗ್ಗೆ ನೆರೆದು ಮಧ್ಯಾಹ್ನಕ್ಕೆ ಎದ್ದುಹೋಗುವುದು ‘ಮೆರ್ಕಾದಿಯೊ’. ಈ ಲೇಖನದ ಮುಖ್ಯ ವಿಷಯ ಅದೇ. ಹಳೆಯ ಸಾಮಾನು, ಬಳಸಿದ ಪಾತ್ರೆ, ಪೀಠೋಪಕರಣ, ಹಳೆಯ ಪುಸ್ತಕಗಳ ಸಂತೆ ‘ರಾಸ್ತ್ರೊ’. ಸೂರಿನಡಿ ಕಾಯಂ ಅಂಗಡಿಗಳಿರುವ ಪುರಸಭೆಯ ಮಾರುಕಟ್ಟೆ ‘ಮೆರ್ಕಾದೊ ಮುನಿಸಿಪಾಲ್’. ಇದು ಸಾಮಾನ್ಯವಾಗಿ ಸೋಮವಾರದಿಂದ ಶನಿವಾರದವರೆಗೆ ಬೆಳಗಿನ ಹೊತ್ತು ತೆರೆದಿರುತ್ತದೆ. ತಾಜಾ ಮೀನು ಬೇಕಾದವರು ಬೀದಿಸಂತೆಯಲ್ಲಿ ಹುಡುಕದೆ ಈ ಕಟ್ಟಡಕ್ಕೇ ಹೋಗಬೇಕು, ಅದೂ ಸೋಮವಾರ ಬಿಟ್ಟು. ವಾರಾಂತ್ಯದಲ್ಲಿ ದೋಣಿಗಳು ಕಡಲಿಗೆ ಇಳಿಯದ ಕಾರಣ ಸೋಮವಾರದ ಮೀನು ಹಿಂದಿನ ವಾರದ್ದಾಗಿರುವ ಸಂಭವವೇ ಹೆಚ್ಚು. ಅಲಿಕಾಂತೆ ನಗರದ ಮೆರ್ಕಾದೊ ಸೆಂತ್ರಾಲ್ ಈ ಬಗೆಯಲ್ಲಿ ನೋಡಲೇಬೇಕಾದ ಕಟ್ಟಡ. ಅಂತರ್ಯುದ್ಧದ ಕಾಲದಲ್ಲಿ, 1938ರ ಮೇ 25ರಂದು, ಅದರ ಮೇಲೆ ವಿಮಾನ ದಾಳಿ ನಡೆದು ಅಪಾರ ಸಾವುನೋವು ಸಂಭವಿಸಿತು. ಕಟ್ಟಡದ ಹಿಂದೆ ಹೂವಿನ ಅಂಗಡಿಗಳಿರುವ ಚೌಕಕ್ಕೆ ಇಂದಿಗೂ ಆ ದಿನಾಂಕದ್ದೇ ಹೆಸರು.

ಹಂತ 2: ಊರು ಮತ್ತು ದಿನವನ್ನು ಗೊತ್ತುಮಾಡಿಕೊಳ್ಳಿ

ಬಹಳ ಕಾಲದಿಂದ ನಡೆದುಬಂದ ವಾರಗಳು ಹೀಗಿವೆ. ಸೋಮವಾರ ದೇನಿಯಾ ಮತ್ತು ಸಾಂತಾ ಪೋಲಾ. ಮಂಗಳವಾರ ಆಲ್ತೆಯಾ ಮತ್ತು ಒರಿವೇಲಾ. ಬುಧವಾರ ಗ್ವಾರ್ದಮಾರ್ ಮತ್ತು ಬೆನಿದೋರ್ಮ್. ಗುರುವಾರ ಹಾವೆಯಾ, ವಿಯಾಹೊಯೋಸಾ ಮತ್ತು ಅಲಿಕಾಂತೆ. ಶುಕ್ರವಾರ ತೊರ್ರೆವಿಯೇಹಾ ಮತ್ತು ಮೊರೈರಾ. ಶನಿವಾರ ಕಾಲ್ಪೆ, ಪ್ಲಾಯಾ ಫ್ಲಾಮೆಂಕಾ ಮತ್ತು ಅಲಿಕಾಂತೆಯಲ್ಲಿ ಇನ್ನೊಮ್ಮೆ. ಭಾನುವಾರ ಬೆನಿದೋರ್ಮ್‌ನಲ್ಲಿ ಮತ್ತೊಮ್ಮೆ. ರಾಸ್ತ್ರೊ ನೋಡಬೇಕೆನ್ನುವವರಿಗೆ ಕರಾವಳಿಯಿಂದ ತುಸು ಒಳಗಿರುವ ಹಲೋನ್ ಕಣಿವೆಯ ಶನಿವಾರದ ಸಂತೆಯೂ ಪೆದ್ರೆಗೇರ್‌ನ ಭಾನುವಾರದ ಸಂತೆಯೂ ಹೆಸರುವಾಸಿ.

ದಿನ ಬದಲಾಗದಿದ್ದರೂ ಜಾಗ ಬದಲಾಗುವುದುಂಟು. ಆದ್ದರಿಂದ ಹೊರಡುವ ಹಿಂದಿನ ದಿನ ಆ ಊರಿನ ‘ಆಯುಂತಮಿಯೆಂತೊ’, ಅಂದರೆ ಪುರಸಭೆಯ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳಿ. ಎಲ್ಲ ಫಲಕಗಳೂ ಸ್ಪ್ಯಾನಿಷ್ ಭಾಷೆಯಲ್ಲೇ ಇರುವುದಿಲ್ಲ ಎಂಬುದನ್ನೂ ನೆನಪಿಡಿ. ಅಲ್ಲಿನ ಇನ್ನೊಂದು ಅಧಿಕೃತ ಭಾಷೆ ವೆಲೆನ್ಸಿಯನ್. ಅದರಲ್ಲಿ ಸಂತೆ ‘ಮೆರ್ಕಾತ್’, ಮಂಗಳವಾರ ‘ಮಾರ್ತೆಸ್’ ಬದಲು ‘ದಿಮಾರ್ತ್ಸ್’, ಹಾವೆಯಾ ‘ಶಾಬಿಯಾ’, ಹಲೋನ್ ‘ಶಲೋ’. ಬಸ್ಸಿನ ಹಣೆಪಟ್ಟಿಯಲ್ಲಿ ಬೇರೆ ಹೆಸರು ಕಂಡು ಬೇರೆ ಊರೆಂದು ಬಿಟ್ಟುಬಿಡಬೇಡಿ.

ಸರ್ಕಾರಿ ರಜಾದಿನಗಳು ಇಲ್ಲಿ ಮುಖ್ಯವಾಗುತ್ತವೆ. ಸಂತೆಯ ದಿನವೇ ರಜೆ ಬಂದರೆ ಕೆಲವು ಊರುಗಳು ಅದನ್ನು ಹಿಂದುಮುಂದು ಮಾಡುತ್ತವೆ, ಕೆಲವು ರದ್ದುಪಡಿಸುತ್ತವೆ, ಇನ್ನು ಕೆಲವು ಎಂದಿನಂತೆ ನಡೆಸುತ್ತವೆ. ಜನವರಿ 6, ಆಗಸ್ಟ್ 15, ವೆಲೆನ್ಸಿಯಾ ಪ್ರದೇಶದ ದಿನವಾದ ಅಕ್ಟೋಬರ್ 9, ರಾಷ್ಟ್ರೀಯ ದಿನವಾದ ಅಕ್ಟೋಬರ್ 12, ನವೆಂಬರ್ 1, ಡಿಸೆಂಬರ್ 6, 8 ಮತ್ತು 25, ಇವುಗಳ ಆಸುಪಾಸಿನಲ್ಲಿ ಹೋಗುವವರು ವಿಚಾರಿಸದೆ ಹೊರಡಬಾರದು. ಊರಿನ ಜಾತ್ರೆಯ ದಿನಗಳ ಮಾತೂ ಅಷ್ಟೇ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮೆಡಿಟರೇನಿಯನ್ ಕಡೆಯಿಂದ ಹಠಾತ್ತನೆ ಬಂದು ಸುರಿಯುವ ಮಳೆಯನ್ನು ಹವಾಮಾನ ವರದಿಗಳು ‘ದಾನಾ’ ಎಂದೂ ಜನರು ‘ಗೋತಾ ಫ್ರಿಯಾ’ ಎಂದೂ ಕರೆಯುತ್ತಾರೆ. ಅಂಥ ಮುನ್ನೆಚ್ಚರಿಕೆ ಇರುವ ದಿನ ವ್ಯಾಪಾರಿಗಳೇ ಬರುವುದಿಲ್ಲ.

ಹಂತ 3: ಹೋಗುವ ದಾರಿ ಮತ್ತು ಹೊತ್ತು

ಅಲಿಕಾಂತೆಯಿಂದ ಬೆನಿದೋರ್ಮ್‌ಗೆ ಕಡಲಂಚಿನಲ್ಲಿ ಸಾಗುವ ಟ್ರಾಮ್ ಇದೆ. ವಿಯಾಹೊಯೋಸಾ ಅದೇ ದಾರಿಯಲ್ಲಿ ಸಿಗುತ್ತದೆ. ಬೆನಿದೋರ್ಮ್‌ನಲ್ಲಿ ಗಾಡಿ ಬದಲಿಸಿದರೆ ಆಲ್ತೆಯಾ, ಕಾಲ್ಪೆಗಳಿಗೂ ಹೋಗಬಹುದು. ಹಾವೆಯಾ ಮತ್ತು ತೊರ್ರೆವಿಯೇಹಾಗಳಿಗೆ ರೈಲೂ ಇಲ್ಲ, ಟ್ರಾಮೂ ಇಲ್ಲ. ಬಸ್ಸು ಅಥವಾ ಕಾರೇ ಗತಿ.

ಸ್ವಂತ ಅಥವಾ ಬಾಡಿಗೆ ಕಾರಿನವರು ಎಡವುವ ಜಾಗ ಒಂದಿದೆ. ಸಂತೆ ನೆರೆಯುವ ಬೀದಿ ಉಳಿದ ದಿನಗಳಲ್ಲಿ ಸಾಮಾನ್ಯ ಬೀದಿಯೇ ಆಗಿರುವುದರಿಂದ ಹಿಂದಿನ ರಾತ್ರಿ ಅಲ್ಲಿ ಕಾರು ನಿಲ್ಲಿಸಿ ಮಲಗಿದವರು ಬೆಳಿಗ್ಗೆ ಎದ್ದು ನೋಡಿದರೆ ಕಾರಿನ ಜಾಗದಲ್ಲಿ ಕಿತ್ತಳೆ ಹಣ್ಣಿನ ರಾಶಿ ಇರುತ್ತದೆ. ‘ಪ್ರೊಹಿಬಿದೊ ಅಪಾರ್ಕಾರ್’ ಎಂದರೆ ನಿಲುಗಡೆ ನಿಷೇಧ. ಅದರ ಕೆಳಗೆ ವಾರದ ಹೆಸರೂ ಗಂಟೆಗಳೂ ಬರೆದಿದ್ದರೆ, ಪಕ್ಕದಲ್ಲಿ ಕಾರನ್ನು ಎಳೆದೊಯ್ಯುವ ವಾಹನದ ಚಿತ್ರವಿದ್ದರೆ, ಅದು ಸಂತೆಗಾಗಿಯೇ ಹಾಕಿದ ಫಲಕವೆಂದು ತಿಳಿಯಿರಿ. ದಂಡದ ಜೊತೆಗೆ ಎಳೆದೊಯ್ದ ಖರ್ಚೂ ನಿಮ್ಮ ಮೇಲೆಯೇ ಬೀಳುತ್ತದೆ.

ಹೊತ್ತಿನ ವಿಷಯ ಸರಳ. ಅಂಗಡಿಗಳು ಎಂಟೂವರೆ ಒಂಬತ್ತರ ಹೊತ್ತಿಗೆ ಸಜ್ಜಾಗುತ್ತವೆ, ಒಂದೂವರೆಯಿಂದ ಎರಡರೊಳಗೆ ಎದ್ದುಬಿಡುತ್ತವೆ. ಹಣ್ಣು ತರಕಾರಿಗೆ ಹತ್ತರೊಳಗೆ ಹೋಗುವುದೇ ಲೇಸು. ಹತ್ತರ ನಂತರ ಅರ್ಧ ಗಂಟೆ ಅನೇಕ ವ್ಯಾಪಾರಿಗಳು ‘ಅಲ್ಮ್ವೆರ್ಸೊ’, ಅಂದರೆ ಅಲ್ಲಿನವರ ಬೆಳಗಿನ ನಡುಹೊತ್ತಿನ ಗಟ್ಟಿ ತಿಂಡಿಗೆ ಸರದಿಯ ಮೇಲೆ ಹೋಗುತ್ತಾರೆ. ಒಬ್ಬರೇ ಉಳಿದ ಅಂಗಡಿಯಲ್ಲಿ ಕಾಯುವುದು ಹೆಚ್ಚಾಗುತ್ತದೆ. ಒಂದು ಗಂಟೆಯ ನಂತರ ಉಳಿದ ಸರಕನ್ನು ಚೀಲದ ಲೆಕ್ಕದಲ್ಲಿ ಒಂದೊಂದು ಯೂರೊಗೆ ಕೂಗಿ ಮಾರುವುದುಂಟು. ಅಂದೇ ಬೇಯಿಸಿ ಮುಗಿಸುವ ದೊಡ್ಡ ಕುಟುಂಬಕ್ಕೆ ಅದು ಲಾಭ. ಹೋಟೆಲ್ ಕೋಣೆಯಲ್ಲಿ ಇಬ್ಬರೇ ಉಳಿದುಕೊಂಡವರಿಗೆ ಮೂರು ಕಿಲೊ ಮಾಗಿದ ಪೀಚ್ ಹಣ್ಣು ಹೊರೆಯೇ.

ಹಂತ 4: ಹಣ ಮತ್ತು ಚೀಲ

5, 10 ಮತ್ತು 20 ಯೂರೊಗಳ ನೋಟುಗಳನ್ನೂ ಸಾಕಷ್ಟು ಚಿಲ್ಲರೆಯನ್ನೂ ಇಟ್ಟುಕೊಳ್ಳಿ. ಐವತ್ತರ ನೋಟಿಗೆ ಬೆಳಗಿನ ಮೊದಲ ವ್ಯಾಪಾರದಲ್ಲಿ ಚಿಲ್ಲರೆ ಸಿಗುವುದು ಕಷ್ಟ. ಇನ್ನೂರರ ನೋಟನ್ನು ಸಂತೆಯಲ್ಲಿ ಯಾರೂ ಮುಟ್ಟುವುದಿಲ್ಲ. ಕಾರ್ಡ್ ಯಂತ್ರ ಇರುವ ಅಂಗಡಿಗಳು ಈಗೀಗ ಕಾಣುತ್ತವಾದರೂ ಅದನ್ನೇ ನಂಬಿ ಹೋಗಬಾರದು. ಸ್ಥಳೀಯರು ಫೋನಿನಲ್ಲಿ ಹಣ ಕಳಿಸುವುದನ್ನು ನೀವು ನೋಡಬಹುದು. ಅದು ‘ಬಿಸೂಮ್’ ಎಂಬ ಸೇವೆ, ಅಲ್ಲಿನ ಬ್ಯಾಂಕ್ ಖಾತೆ ಇಲ್ಲದವರಿಗೆ ನಡೆಯುವುದಿಲ್ಲ. ಎಟಿಎಂನಲ್ಲಿ ಭಾರತದ ಕಾರ್ಡ್ ಹಾಕಿದಾಗ ಮೊತ್ತವನ್ನು ರೂಪಾಯಿಯಲ್ಲಿ ಕಡಿತ ಮಾಡಬೇಕೇ ಯೂರೊದಲ್ಲೇ ಎಂಬ ಪ್ರಶ್ನೆ ಬಂದರೆ ಯೂರೊವನ್ನೇ ಆರಿಸಿ. ರೂಪಾಯಿ ಆರಿಸಿದರೆ ಆ ಯಂತ್ರದವರು ಗೊತ್ತುಮಾಡಿದ ವಿನಿಮಯ ದರ ಅನ್ವಯವಾಗುತ್ತದೆ, ಅದು ಯಾವಾಗಲೂ ಅವರಿಗೇ ಅನುಕೂಲ.

ಗಟ್ಟಿ ಬಟ್ಟೆಚೀಲ ಎರಡು ಇರಲಿ. ಪ್ಲಾಸ್ಟಿಕ್ ಕೈಚೀಲಕ್ಕೆ ಹಣ ವಸೂಲು ಮಾಡುವ ನಿಯಮ ಸ್ಪೇನಿನಲ್ಲಿ 2018ರ ಜುಲೈನಿಂದ ಇದೆ. ತಿಂಗಳುಗಟ್ಟಲೆ ಇರುವವರು ಎರಡು ಗಾಲಿಯ ಎಳೆಯುವ ಚೀಲವನ್ನು ಸಂತೆಯಲ್ಲೇ ಕೊಂಡರೆ ಮೊಣಕಾಲು ನೋವಿನ ಹಿರಿಯರಿಗೆ ದೊಡ್ಡ ಉಪಕಾರವಾಗುತ್ತದೆ. ಅಲ್ಲಿನ ಅಜ್ಜಿಯರೆಲ್ಲ ಅದನ್ನೇ ಎಳೆದುಕೊಂಡು ಬರುತ್ತಾರೆ.

ಹಂತ 5: ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳದೆ ಬೆಲೆ ಓದಿ

ಒಂದೇ ಟೊಮೆಟೊಗೆ ಮೊದಲ ಅಂಗಡಿಯಲ್ಲೂ ಕೊನೆಯ ಅಂಗಡಿಯಲ್ಲೂ ಬೇರೆ ಬೇರೆ ಬೆಲೆ ಇರುತ್ತದೆ. ಪ್ರವೇಶದ ಬಳಿಯಲ್ಲೇ ಚೀಲ ತುಂಬಿಸಿಕೊಂಡವರು ಹೆಚ್ಚು ಕೊಟ್ಟಿರುತ್ತಾರೆ. ಆದ್ದರಿಂದ ಒಂದು ಸುತ್ತು ಸುಮ್ಮನೆ ನಡೆಯಿರಿ.

ಬೆಲೆಹಲಗೆ ಓದುವಾಗ ಮೂರು ಸಂಗತಿಗಳು ದಾರಿ ತಪ್ಪಿಸುತ್ತವೆ. ಅಲ್ಲಿ ದಶಮಾಂಶಕ್ಕೆ ಚುಕ್ಕೆಯ ಬದಲು ಅಲ್ಪವಿರಾಮ ಹಾಕುತ್ತಾರೆ: 1,50 ಎಂದರೆ ಒಂದೂವರೆ ಯೂರೊ. ಕೈಬರಹದ 1ಕ್ಕೆ ಉದ್ದನೆಯ ಏರುಗೆರೆ ಇರುವುದರಿಂದ ನಮ್ಮ ಕಣ್ಣಿಗೆ ಅದು 7ರಂತೆ ಕಾಣುತ್ತದೆ. ನಿಜವಾದ 7ರ ನಡುವೆ ಅಡ್ಡಗೆರೆ ಇರುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ದೊಡ್ಡದಾಗಿ 0,99 ಎಂದು ಬರೆದ ಹಲಗೆಯ ಮೂಲೆಯಲ್ಲಿ ಸಣ್ಣದಾಗಿ ‘½’ ಎಂದಿದ್ದರೆ ಅದು ಅರ್ಧ ಕಿಲೊದ ಬೆಲೆ. ಅದೇ ರೀತಿ ‘2 ಕಿಲೊ’ ಎಂದಿದ್ದರೆ ಒಂದು ಕಿಲೊಗೆ ಆ ದರ ಸಿಗುವುದಿಲ್ಲ. ‘ಮನೋಹೊ’ ಎಂದರೆ ಕಟ್ಟು, ‘ಉನಿದಾದ್’ ಎಂದರೆ ಒಂದು, ‘ದೊಸೇನಾ’ ಎಂದರೆ ಡಜನ್.

ಹಣ್ಣು ತರಕಾರಿಯ ಹಲಗೆಯಲ್ಲಿ ಅದು ಬೆಳೆದ ದೇಶದ ಹೆಸರನ್ನು ತೋರಿಸಬೇಕೆಂಬುದು ಯುರೋಪಿನ ನಿಯಮ. ಆ ಹೆಸರನ್ನು ಓದುವ ಅಭ್ಯಾಸ ಮಾಡಿಕೊಳ್ಳಿ. ಕಡಲಾಚೆಯಿಂದ ಬಂದ ಹಣ್ಣನ್ನು ಸಂತೆಯಲ್ಲಿ ಕೊಳ್ಳುವುದರಿಂದ ಸೂಪರ್ ಮಾರ್ಕೆಟ್‌ಗಿಂತ ವಿಶೇಷ ಲಾಭವೇನೂ ಇಲ್ಲ.

ಹಂತ 6: ಸರದಿ ಹಿಡಿಯುವುದು ಮತ್ತು ಕೇಳುವುದು

ಅಂಗಡಿಯ ಮುಂದೆ ಜನ ಅಲ್ಲಲ್ಲಿ ಚದುರಿ ನಿಂತಿರುತ್ತಾರೆ. ಸಾಲೇ ಇಲ್ಲವೆಂದು ನಿಮಗೆ ತೋರುತ್ತದೆ. ಸಾಲು ಇದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ಹೊಸದಾಗಿ ಬಂದವರು ‘ಕ್ಯೆನ್ ಎಸ್ ಎಲ್ ಉಲ್ತಿಮೊ?’ ಎಂದು ಕೇಳಬೇಕು. ಕೊನೆಯವರು ಯಾರು ಎಂದು ಅದರ ಅರ್ಥ. ‘ಯೋ’, ಅಂದರೆ ‘ನಾನು’, ಎಂದವರ ಮುಖ ನೆನಪಿಟ್ಟುಕೊಂಡು ಎಲ್ಲಿ ಬೇಕಾದರೂ ನಿಲ್ಲಿ. ಅವರ ಸರದಿ ಮುಗಿದೊಡನೆ ನಿಮ್ಮದು. ನಿಮ್ಮ ನಂತರ ಬಂದವರು ಅದನ್ನೇ ಕೇಳಿದಾಗ ‘ಯೋ’ ಎನ್ನುವ ಹೊಣೆ ನಿಮ್ಮದು. ಇದನ್ನು ತಿಳಿಯದೆ ಸಂದು ಕಂಡಲ್ಲಿ ನುಗ್ಗಿದರೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಎಲ್ಲರಿಗೂ ಕೇಳಿಸುವಂತೆ ನಿಮ್ಮನ್ನು ತಿದ್ದುತ್ತಾರೆ.

ಎರಡನೆಯ ಕಟ್ಟುಪಾಡು ಕೈಯದು. ನಮ್ಮ ಸಂತೆಯಲ್ಲಿ ಬದನೆಕಾಯಿಯನ್ನು ಒತ್ತಿ ನೋಡಿ, ಬೆಂಡೆಕಾಯಿಯ ತುದಿ ಮುರಿದು ನೋಡಿ ಆರಿಸುವುದು ಗ್ರಾಹಕರ ಹಕ್ಕು. ಅಲ್ಲಿ ಬಹುತೇಕ ಅಂಗಡಿಗಳಲ್ಲಿ ವ್ಯಾಪಾರಿಯೇ ಆರಿಸಿ ಕೊಡುತ್ತಾರೆ, ಮುಟ್ಟಿದರೆ ಮುಖ ಸಿಂಡರಿಸುತ್ತಾರೆ. ‘ನೊ ತೊಕಾರ್’ ಎಂಬ ಹಲಗೆ ಇದ್ದರೆ ಮುಟ್ಟಬಾರದು ಎಂದರ್ಥ. ವ್ಯಾಪಾರಿಯೇ ಚೀಲವನ್ನೋ ಬೋಗುಣಿಯನ್ನೋ ಕೈಗೆ ಕೊಟ್ಟರೆ ಮಾತ್ರ ನೀವೇ ಆರಿಸಿಕೊಳ್ಳಬಹುದು.

ಹಾಗಾದರೆ ಒಳ್ಳೆಯದು ಹೇಗೆ ಸಿಗುತ್ತದೆ? ಯಾವಾಗ ತಿನ್ನುತ್ತೀರಿ ಎಂದು ಹೇಳುವುದರಿಂದ. ಕರಬೂಜವೋ ಬೆಣ್ಣೆಹಣ್ಣೋ ಬೇಕಾದಾಗ ‘ಪಾರಾ ಓಯ್’ ಎಂದರೆ ಇಂದಿಗೆ, ‘ಪಾರಾ ಮನ್ಯಾನಾ’ ಎಂದರೆ ನಾಳೆಗೆ. ಪಳಗಿದ ವ್ಯಾಪಾರಿ ಕರಬೂಜದ ಬುಡವನ್ನು ಎರಡೂ ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿ, ಒಂದನ್ನು ಬದಿಗಿಟ್ಟು, ಇನ್ನೊಂದನ್ನು ಎತ್ತಿ ಮೂಸಿ, ಕೊನೆಗೆ ಮೂರನೆಯದನ್ನು ತಕ್ಕಡಿಗೆ ಹಾಕುತ್ತಾರೆ. ಈ ಒಂದು ಮಾತು ಆಡಿದವರಿಗೂ ಆಡದವರಿಗೂ ಸಿಗುವ ಹಣ್ಣಿನಲ್ಲಿ ವ್ಯತ್ಯಾಸವಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಉಳಿದ ಮಾತುಕತೆಗೆ ಹತ್ತು ಪದ ಸಾಕು. ‘ಪೋಂಗಮೆ’ ಎಂದರೆ ಕೊಡಿ. ‘ಮೇದಿಯೊ ಕೀಲೊ’ ಅರ್ಧ ಕಿಲೊ. ‘ಕ್ವಾರ್ತೊ’ ಕಾಲು ಕಿಲೊ. ತೂಗಿದ ಮೇಲೆ ‘ಆಲ್ಗೊ ಮಾಸ್?’ ಎಂದು ಕೇಳುತ್ತಾರೆ, ಇನ್ನೇನಾದರೂ ಬೇಕೇ ಎಂದು. ಸಾಕಾದರೆ ‘ನಾದಾ ಮಾಸ್, ಗ್ರಾಸಿಯಾಸ್’. ಎಷ್ಟಾಯಿತು ಎಂಬುದಕ್ಕೆ ‘ಕ್ವಾಂತೊ ಎಸ್?’ ತಕ್ಕಡಿಯ ಅಂಕಿಗಳು ನಿಮ್ಮ ಕಡೆಗೂ ಕಾಣುವಂತಿರುತ್ತವೆ. ಅದನ್ನು ನೋಡುವುದರಲ್ಲಿ ಸಂಕೋಚ ಬೇಡ. ಮಾತಿನ ನಡುವೆ ನಿಮ್ಮನ್ನು ‘ಗ್ವಾಪಾ’, ‘ಕಾರಿನ್ಯೊ’ ಎಂದು ಕರೆದರೆ, ಅಂದರೆ ಚೆಲುವೆ, ಮುದ್ದು ಎಂದರೆ, ಹುಬ್ಬೇರಿಸಬೇಡಿ. ಅದು ಅಲ್ಲಿ ಎಲ್ಲರಿಗೂ ಸಲ್ಲುವ ಮಾತು, ಅಜ್ಜಿಗೂ ಮೊಮ್ಮಗಳಿಗೂ ಒಂದೇ.

ಹಂತ 7: ಋತು ನೋಡಿ ಕೊಳ್ಳಿ

ಈ ಕರಾವಳಿಯ ಬೆನ್ನಿಗೇ ಬೆಟ್ಟಗಳಿರುವುದರಿಂದ ಸಂತೆಯ ಸರಕು ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಚಳಿಗಾಲದುದ್ದಕ್ಕೂ ಕಿತ್ತಳೆ ಮತ್ತು ದಕ್ಷಿಣದ ವೇಗಾ ಬಾಹಾ ಬಯಲಿನ ‘ಅಲ್ಕಚೋಫಾ’ ಎಂಬ ಹೂಮೊಗ್ಗಿನಂಥ ತರಕಾರಿ, ಅಂದರೆ ಆರ್ಟಿಚೋಕ್. ಏಪ್ರಿಲ್, ಮೇ ತಿಂಗಳಲ್ಲಿ ಕಯೋಸಾ ದೆನ್ ಸರ್ರಿಯಾದ ‘ನಿಸ್ಪೆರೊ’, ಉತ್ತರ ಭಾರತದವರು ಲೋಕಾಟ್ ಎನ್ನುವ ಹಣ್ಣು. ಅದರ ಸಿಪ್ಪೆಯ ಮೇಲಿನ ಕಂದು ಮಚ್ಚೆಗಳನ್ನು ಕಂಡು ಕೊಳೆತಿದೆಯೆಂದು ಬಿಡಬೇಡಿ. ಮೇ ಕೊನೆಗೆ, ಜೂನ್‌ನಲ್ಲಿ ಅಲಿಕಾಂತೆ ಬೆಟ್ಟಗಳ ಚೆರ್ರಿ ಮತ್ತು ‘ಬ್ರೇವಾ’ ಎನ್ನುವ ಅಂಜೂರದ ಮೊದಲ ಫಸಲು. ಎರಡನೆಯ ಫಸಲಾದ ‘ಹಿಗೊ’ ಬೇಸಿಗೆಯ ಕೊನೆಗೆ ಬರುತ್ತದೆ, ಗಾತ್ರದಲ್ಲಿ ಚಿಕ್ಕದು, ಸಿಹಿ ಹೆಚ್ಚು. ಬೇಸಿಗೆಯಲ್ಲಿ ಮುಚಮೇಲ್ ಟೊಮೆಟೊ ಸಿಕ್ಕರೆ ಬಿಡಬೇಡಿ: ಚಪ್ಪಟೆ, ಏಣು ಏಣು, ತೆಳು ಸಿಪ್ಪೆ, ನೋಡಲು ಸೊಟ್ಟ. ಉಪ್ಪು ಉದುರಿಸಿ ಹಸಿಯಾಗಿ ತಿನ್ನುವುದಕ್ಕೆ ಅದರ ಮುಂದೆ ಬೇರೆ ಟೊಮೆಟೊ ಇಲ್ಲ. ಸಾರಿಗೆ ಹಾಕಿ ಹಾಳುಮಾಡಬೇಡಿ.

ಶರತ್ಕಾಲದ್ದು ಎಲ್ಲಕ್ಕಿಂತ ಸೊಗಸು. ಎಲ್ಚೆಯ ‘ಮೊಯಾರ್’ ದಾಳಿಂಬೆಯ ಬೀಜ ಮೆತ್ತಗಿದ್ದು ಅಗಿಯುವಾಗ ಹಲ್ಲಿಗೆ ಸಿಗುವುದೇ ಇಲ್ಲ. ವಿನಲೊಪೊ ಕಣಿವೆಯ ದ್ರಾಕ್ಷಿಗೊಂಚಲುಗಳಿಗೆ ಬಳ್ಳಿಯಲ್ಲಿರುವಾಗಲೇ ಕಾಗದದ ಚೀಲ ತೊಡಿಸಿ ಬೆಳೆಸುತ್ತಾರೆ. ಡಿಸೆಂಬರ್ 31ರ ಮಧ್ಯರಾತ್ರಿ ಗಡಿಯಾರದ ಹನ್ನೆರಡು ಗಂಟೆಗಳ ಜೊತೆ ಒಂದೊಂದಾಗಿ ಸ್ಪೇನಿನವರು ತಿನ್ನುವ ಹನ್ನೆರಡು ದ್ರಾಕ್ಷಿಗಳಲ್ಲಿ ಬಹುಪಾಲು ಇಲ್ಲಿಯವೇ. ಚಳಿಗಾಲ ಬರುತ್ತಿದ್ದಂತೆ ಎಲ್ಚೆಯ ತಾಜಾ ಖರ್ಜೂರವೂ ಬರುತ್ತದೆ. ಅಲ್ಲಿನ ಖರ್ಜೂರದ ತೋಪು 2000ದಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ಒಣ ಸರಕಿನಲ್ಲಿ ‘ನ್ಯೋರಾ’ ಎಂಬ ದುಂಡನೆಯ ಒಣಮೆಣಸನ್ನು ನೋಡಿ. ಅದನ್ನು ಬಳಸುವುದು ಬಣ್ಣಕ್ಕೆ ಮತ್ತು ಪರಿಮಳಕ್ಕೆ; ಬ್ಯಾಡಗಿಯ ಖಾರವನ್ನೂ ನಿರೀಕ್ಷಿಸಬೇಡಿ. ಕೇಸರಿಯ ವಿಷಯದಲ್ಲಿ ಮಾತ್ರ ಗಟ್ಟಿ ಎಚ್ಚರಿಕೆ ಬೇಕು. ಎಸಳಿನ ರೂಪದಲ್ಲಿರುವುದನ್ನು, ಮುಚ್ಚಿದ ಪೊಟ್ಟಣದಲ್ಲಿ ಉತ್ಪಾದಕರ ಹೆಸರಿರುವುದನ್ನು ಮಾತ್ರ ಕೊಳ್ಳಿ. ಒಂದೆರಡು ಯೂರೊಗೆ ಸಿಗುವ ಹಳದಿ ಪುಡಿಯ ಪೊಟ್ಟಣದ ಮೇಲೆ ‘ಕೊಲೊರಾಂತೆ’ ಎಂದಿದ್ದರೆ ಅದು ಪಯೇಯಾ ಅನ್ನಕ್ಕೆ ಹಾಕುವ ಆಹಾರ ಬಣ್ಣ, ಕೇಸರಿಯಲ್ಲ. ಹೊರಗಡೆ ಕೇಸರಿ ಹೂವಿನ ಚಿತ್ರ ಇದ್ದ ಮಾತ್ರಕ್ಕೆ ಒಳಗೆ ಕೇಸರಿ ಇರಬೇಕೆಂದಿಲ್ಲ.

ಆಲಿವ್ ಎಣ್ಣೆಯಲ್ಲಿ ‘ವಿರ್ಹೆನ್ ಎಕ್ಸ್‌ತ್ರಾ’ ಎಂದಿರುವುದು ಮೊದಲ ದರ್ಜೆ. ‘ಒರೂಹೊ’ ಎಂದಿರುವುದು ಹಿಂಡಿಯಿಂದ ಮತ್ತೆ ತೆಗೆದದ್ದು. ಯುರೋಪಿನ ನಿಯಮದ ಪ್ರಕಾರ ಗ್ರಾಹಕರಿಗೆ ಮಾರುವ ಆಲಿವ್ ಎಣ್ಣೆ ಐದು ಲೀಟರಿಗೆ ಮೀರದ, ಮೊಹರು ಮುರಿಯದೆ ತೆರೆಯಲಾಗದ ಪಾತ್ರೆಯಲ್ಲಿ, ಹೆಸರುಚೀಟಿಯೊಂದಿಗೆ ಇರಬೇಕು. ನಮ್ಮ ತೋಟದ್ದೇ ಎಂದು ಚೀಟಿಯಿಲ್ಲದ ಕ್ಯಾನು ತೋರಿಸಿದರೆ ನಯವಾಗಿ ಬೇಡವೆನ್ನಿ.

ಆಲಿವ್ ಕಾಯಿಯ ಅಂಗಡಿಯಲ್ಲಿ ಹತ್ತಾರು ಬಾನಿಗಳು ಸಾಲಾಗಿರುತ್ತವೆ: ಜಜ್ಜಿದ್ದು, ಬೆಳ್ಳುಳ್ಳಿ ಹಾಕಿದ್ದು, ಕರಿಯದು, ಕಿತ್ತಳೆ ಸಿಪ್ಪೆಯದು. ತೂತಿನ ಸೌಟಿನಲ್ಲಿ ಎತ್ತಿ ಒಂದು ಕಾಯಿ ರುಚಿಗೆ ಕೊಡುವುದು ವಾಡಿಕೆ, ಕೇಳಬಹುದು. ತೂಗುವ ಮುನ್ನ ‘ಸಿನ್ ಕಾಲ್ದೊ’, ಅಂದರೆ ಉಪ್ಪುನೀರು ಬೇಡ ಎಂದರೆ ನೀರಿಗೆ ಹಣ ಕೊಡುವುದು ತಪ್ಪುತ್ತದೆ. ಆದರೆ ವಾರಗಟ್ಟಲೆ ಇಡುವವರಿಗೆ ಆ ನೀರು ಬೇಕೇ ಬೇಕು.

ಹಂತ 8: ಸಸ್ಯಾಹಾರಿಗಳು ನೋಡಬೇಕಾದದ್ದು

‘ಸಿನ್ ಕಾರ್ನೆ’, ಅಂದರೆ ಮಾಂಸವಿಲ್ಲ ಎಂಬ ಉತ್ತರವನ್ನು ನಂಬಿ ತಿನ್ನಬೇಡಿ. ಮೀನನ್ನೂ ಹಂದಿತೊಡೆಯ ಸಣ್ಣ ಚೂರುಗಳನ್ನೂ ಅನೇಕರು ಮಾಂಸದ ಲೆಕ್ಕಕ್ಕೆ ಹಿಡಿಯುವುದಿಲ್ಲ. ‘ವೆಹೆತಾಲ್’ ಎಂಬ ಹೆಸರಿನ ಸ್ಯಾಂಡ್‌ವಿಚ್‌ನಲ್ಲಿ ತರಕಾರಿಯ ಜೊತೆ ಟ್ಯೂನಾ ಮೀನು ಮತ್ತು ಮೊಟ್ಟೆ ಇರುವುದು ಮಾಮೂಲು. ‘ನಿ ಹಮೋನ್, ನಿ ಅತೂನ್’, ಅಂದರೆ ಹಂದಿತೊಡೆಯೂ ಬೇಡ, ಟ್ಯೂನಾವೂ ಬೇಡ ಎಂದು ಹೆಸರಿಟ್ಟು ಹೇಳುವುದೇ ಖಚಿತ ದಾರಿ.

ಸಿಹಿ ತಿನಿಸುಗಳಲ್ಲಿ ಕಣ್ಣಿಗೆ ಕಾಣದ ಕೊಬ್ಬು ಅಡಗಿರುತ್ತದೆ. ‘ಮಾಂತೆಕಾ’ ಎಂದರೆ ಹಂದಿಯ ಕೊಬ್ಬು, ಬೆಣ್ಣೆ ‘ಮಾಂತೆಕಿಯಾ’. ಒಂದಕ್ಷರದ ಅಂತರ ಎಷ್ಟೋ ಜನರನ್ನು ಮೋಸಗೊಳಿಸಿದೆ. ಕ್ರಿಸ್‌ಮಸ್ ಕಾಲದ ಪೊಲ್ವೊರೋನ್, ಮಾಂತೆಕಾದೊ ಮತ್ತು ಸುರುಳಿಯಾಕಾರದ ಎನ್ಸೈಮಾದಾಗಳಲ್ಲಿ ಸಾಂಪ್ರದಾಯಿಕವಾಗಿ ಹಂದಿಕೊಬ್ಬೇ ಇರುತ್ತದೆ. ಹಿಹೋನಾದ ಹೆಸರಾಂತ ‘ತುರ್ರೋನ್’ ಬಾದಾಮಿ, ಜೇನು, ಸಕ್ಕರೆಯದಾದರೂ ಮೊಟ್ಟೆಯ ಬಿಳಿ ಸೇರಿರುತ್ತದೆ. ಗಟ್ಟಿ ಚೀಸಿನಲ್ಲಿ ಸಾಮಾನ್ಯವಾಗಿ ಪ್ರಾಣಿಜನ್ಯ ಹೆಪ್ಪು. ‘ಕ್ವಾಹೊ ವೆಹೆತಾಲ್’ ಎಂದಿದ್ದರೆ ಸಸ್ಯದ ಹೆಪ್ಪು. ಮೊಟ್ಟೆ ತಿನ್ನುವವರು ಅದರ ಮೇಲಿನ ಮುದ್ರೆಯ ಮೊದಲ ಅಂಕಿ ನೋಡಿ: 0 ಸಾವಯವ, 1 ಬಯಲಿನಲ್ಲಿ ಬಿಟ್ಟು ಸಾಕಿದ್ದು, 2 ಕೊಟ್ಟಿಗೆಯಲ್ಲಿ, 3 ಪಂಜರದಲ್ಲಿ.

ಅಡುಗೆಗೆ ಬೇಕಾದ್ದರಲ್ಲಿ ಕೊತ್ತಂಬರಿ ಸೊಪ್ಪು ‘ಸಿಲಾಂತ್ರೊ’. ಅದರಂತೆಯೇ ಕಾಣುವ ‘ಪೆರೆಹಿಲ್’ ಪಾರ್ಸ್ಲಿ, ಮೂಸಿದರೆ ತಿಳಿಯುತ್ತದೆ. ಬದನೆ, ಹೂಕೋಸು, ಪಾಲಕ್, ಚಪ್ಪಟೆ ಹುರುಳಿಕಾಯಿ ಧಾರಾಳ. ಕರಿಬೇವು, ನುಗ್ಗೆಗಳನ್ನು ಹುಡುಕಿ ದಣಿಯಬೇಡಿ.

ಹಂತ 9: ಬಟ್ಟೆ, ಪಾದರಕ್ಷೆ, ಹಳೆಯ ಸಾಮಾನು

ಎಲ್ಚೆ, ಎಲ್ದಾ, ಪೆತ್ರೇರ್ ಸ್ಪೇನಿನ ಪಾದರಕ್ಷೆ ಉದ್ಯಮದ ಊರುಗಳಾದ ಕಾರಣ ಈ ಸಂತೆಗಳಲ್ಲಿ ಕಾರ್ಖಾನೆಯ ಉಳಿಕೆ ಮಾಲು ಬರುತ್ತದೆ. ‘ತಾರಾ’ ಎಂದು ಬರೆದಿದ್ದರೆ ಸಣ್ಣ ದೋಷವಿದೆ ಎಂದರ್ಥ. ಜೋಡಿಯ ಎರಡನ್ನೂ ಪರೀಕ್ಷಿಸಿ. ಚರ್ಮವೇ ಹೌದೋ ಎಂಬುದಕ್ಕೆ ವ್ಯಾಪಾರಿಯ ಮಾತಿಗಿಂತ ಒಳಗಿನ ಗುರುತೇ ಪ್ರಮಾಣ: ಹರಡಿದ ತೊಗಲಿನ ಆಕಾರವಿದ್ದರೆ ಚರ್ಮ, ಹೆಣಿಗೆಯ ಚೌಕಳಿಯಿದ್ದರೆ ಬಟ್ಟೆ, ವಜ್ರಾಕೃತಿಯಿದ್ದರೆ ಬೇರೆ ವಸ್ತು. ನಮ್ಮಲ್ಲಿ 8 ಎನ್ನುವ ಗಂಡಸರ ಅಳತೆ ಅಲ್ಲಿ 42 ಆಗುತ್ತದೆ. ಬೆತ್ತ, ತಾಳೆಗರಿ, ನಾರಿನ ಬುಟ್ಟಿಗಳಿಗೆ ಸಂತೆಗಿಂತ ಗಾತಾ ದೆ ಗೋರ್ಗೋಸ್ ಊರಿನ ಅಂಗಡಿಗಳೇ ಉತ್ತಮ.

ಚೌಕಾಸಿಯ ಪ್ರಶ್ನೆಗೆ ಉತ್ತರ ಇಷ್ಟು: ಹಣ್ಣು ತರಕಾರಿಯಲ್ಲಿ ಇಲ್ಲವೇ ಇಲ್ಲ, ಬಟ್ಟೆ ಚಪ್ಪಲಿಯಲ್ಲಿ ಎರಡು ಮೂರು ಒಟ್ಟಿಗೆ ಕೊಂಡಾಗ ಒಂದಿಷ್ಟು ಬಿಡಿ ಎನ್ನಬಹುದು, ರಾಸ್ತ್ರೊದಲ್ಲಿ ಮಾಡದಿದ್ದರೆ ವ್ಯಾಪಾರಿಗೇ ಬೇಸರ. ‘ಮೆ ಲೊ ದೇಹಾ ಎನ್ ದಿಯೆಸ್?’ ಎಂದರೆ ಹತ್ತಕ್ಕೆ ಕೊಡುತ್ತೀರಾ ಎಂದು. ಅರ್ಧಕ್ಕೆ ಕೇಳಿ ಮುಕ್ಕಾಲಿಗೆ ಬರುವ ನಮ್ಮ ಪದ್ಧತಿ ಅಲ್ಲಿ ಒರಟಾಗಿ ಕಾಣುತ್ತದೆ. ಹತ್ತರಲ್ಲಿ ಎರಡು ಬಿಟ್ಟರೆ ಸಂತೋಷದಿಂದ ಕೊಂಡುಕೊಳ್ಳಿ.

ನೆಲಕ್ಕೆ ಕಂಬಳಿ ಹಾಸಿ ಹೆಸರಾಂತ ಕಂಪನಿಗಳ ನಕಲಿ ಕೈಚೀಲ, ಕನ್ನಡಕ ಮಾರುವುದಕ್ಕೆ ‘ಟಾಪ್ ಮಾಂತಾ’ ಎನ್ನುತ್ತಾರೆ. ಅದು ಕಾನೂನುಬಾಹಿರ ವ್ಯಾಪಾರ, ಕೆಲವು ಊರುಗಳಲ್ಲಿ ಕೊಂಡವರಿಗೂ ದಂಡವಿದೆ.

ಹಂತ 10: ಜೇಬು, ಜೂಜು, ದೂರು

ಜನಸಂದಣಿಯ ಇಕ್ಕಟ್ಟಿನಲ್ಲಿ ಜೇಬುಗಳ್ಳರು ಇರುತ್ತಾರೆ. ಪಾಸ್‌ಪೋರ್ಟ್ ಕೋಣೆಯಲ್ಲಿಟ್ಟು ಅದರ ಪ್ರತಿಯನ್ನು ಮಾತ್ರ ತನ್ನಿ. ಚೀಲ ಹೊಟ್ಟೆಯ ಮುಂದಿರಲಿ. ಯಾರಾದರೂ ಹೂವನ್ನೋ ಸೊಪ್ಪಿನ ಕಡ್ಡಿಯನ್ನೋ ಕೈಗೆ ತುರುಕಿದರೆ ಹಿಡಿಯಬೇಡಿ. ಬೆನಿದೋರ್ಮ್‌ನ ಬೀದಿಗಳಲ್ಲಿ ಮೂರು ಬಟ್ಟಲಿನಡಿ ಗೋಲಿ ಅಡಗಿಸಿ ಪಣ ಕಟ್ಟಿಸುವ ‘ತ್ರಿಲೇರೊ’ಗಳು ಕುಖ್ಯಾತರು. ಸುತ್ತ ನಿಂತು ಗೆಲ್ಲುತ್ತಿರುವವರೂ ಅವರ ಕಡೆಯವರೇ. ನೋಡುತ್ತ ನಿಂತಾಗಲೇ ಜೇಬು ಹಗುರವಾಗುವುದೂ ಉಂಟು.

ಕಳವಾದರೆ ಪೊಲೀಸರಲ್ಲಿ ‘ದೆನೂನ್ಸಿಯಾ’, ಅಂದರೆ ಲಿಖಿತ ದೂರು, ಕೊಟ್ಟು ಪ್ರತಿ ಪಡೆಯಿರಿ. ವಿಮೆಗೂ ಪಾಸ್‌ಪೋರ್ಟಿಗೂ ಅದು ಬೇಕು. ತುರ್ತು ಸಂಖ್ಯೆ 112. ವ್ಯಾಪಾರದ ತಕರಾರಿಗೆ ‘ಓಹಾ ದೆ ರೆಕ್ಲಮಸಿಯೋನೆಸ್’ ಎಂಬ ಅಧಿಕೃತ ದೂರಿನ ನಮೂನೆ ಕೇಳಬಹುದು. ಆ ಹೆಸರು ಹೇಳಿದ ಕೂಡಲೇ ಎಷ್ಟೋ ತಕರಾರುಗಳು ಅಲ್ಲೇ ಬಗೆಹರಿಯುತ್ತವೆ. ಹೊಸ ಸರಕಿಗೆ ಕಾನೂನಿನ ಖಾತರಿ 2022ರಿಂದ ಮೂರು ವರ್ಷ, ಆದರೆ ರಸೀದಿ ಇಲ್ಲದೆ ಅದನ್ನು ಸಾಧಿಸುವುದು ಕಷ್ಟ. ಸಂತೆಯಲ್ಲಿ ವಿದ್ಯುತ್ ಉಪಕರಣ ಕೊಳ್ಳದಿರುವುದೇ ಮೇಲು.

ಹಂತ 11: ಊರಿಗೆ ತರುವ ಸರಕು

ಎಣ್ಣೆ, ಜೇನು, ಆಲಿವ್ ಕಾಯಿ, ಮೆತ್ತನೆಯ ತುರ್ರೋನ್ ಎಲ್ಲವನ್ನೂ ಚೆಕ್-ಇನ್ ಪೆಟ್ಟಿಗೆಗೇ ಹಾಕಿ. ಕೈಚೀಲದಲ್ಲಿ ದ್ರವಕ್ಕೆ ಮಿತಿಯಿದೆ. ಎಣ್ಣೆಗೆ ಗಾಜಿನ ಬಾಟಲಿಗಿಂತ ತಗಡಿನ ಡಬ್ಬಿ ಸುರಕ್ಷಿತ. ತಾಜಾ ಹಣ್ಣು, ಬೀಜ, ಸಸಿ, ಮಾಂಸದ ಪದಾರ್ಥಗಳನ್ನು ಅನುಮತಿಪತ್ರಗಳಿಲ್ಲದೆ ಭಾರತದೊಳಗೆ ತರುವಂತಿಲ್ಲ; ಎಲ್ಚೆಯ ದಾಳಿಂಬೆಯನ್ನು ಅಲ್ಲೇ ತಿಂದು ಮುಗಿಸಿ. ಕೇಸರಿಯ ಪೊಟ್ಟಣ ಒಡೆಯದೆ ಹಾಗೇ ಇರಲಿ. ಯುರೋಪಿನಾಚೆಯವರಿಗೆ ಸಿಗುವ ತೆರಿಗೆ ಮರುಪಾವತಿಗೆ ವಿಶೇಷ ರಸೀದಿ ಬೇಕಾದ್ದರಿಂದ ಸಂತೆಯ ಖರೀದಿಯಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ; ದುಬಾರಿ ಚರ್ಮದ ಚೀಲ, ಬೂಟು ಕೊಳ್ಳುವುದಿದ್ದರೆ ಆ ರಸೀದಿ ಕೊಡುವ ಕಾಯಂ ಅಂಗಡಿಯಲ್ಲಿ ಪಾಸ್‌ಪೋರ್ಟ್ ತೋರಿಸಿ ಕೊಂಡು, ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಒಪ್ಪಿಸುವ ಮುನ್ನವೇ ಅದಕ್ಕೆ ಕಸ್ಟಮ್ಸ್ ದೃಢೀಕರಣ ಮಾಡಿಸಿಕೊಳ್ಳಿ.